ಜಗುಲಿಗೆ ಇಡದ ರೇಡಿಯೋ

ಆ ಬೆಳಿಗ್ಗೆ ನಾನು ಚಟ್ನಿ ರುಬ್ಬುತ್ತಿದ್ದೆ. ಮಿಕ್ಸಿ ನಾಲ್ಕು ಸುತ್ತು ತಿರುಗಿ, ಕಾಯಿ ಇನ್ನೂ ತರಿತರಿಯಾಗಿರುವಾಗಲೇ ನಿಂತುಬಿಟ್ಟಿತು. ಅದು ನಿಂತ ಗಳಿಗೆಗೇ ಪಡಸಾಲೆಯಲ್ಲಿ ರೇಡಿಯೋ ಕೂಡ ನಿಂತಿತು. ಹಾಡು ಮುಗಿದು ನಿಂತದ್ದಲ್ಲ. ಹಾಡುವವಳು ಒಂದು ಪದವನ್ನು ಎಳೆಯುತ್ತಿದ್ದಳು, ಆ ಎಳೆತದ ನಡುವೆ ನಿಂತದ್ದು.

ಮಗಳು ಕುಮುದಾ ಕನ್ನಡಿಯ ಮುಂದೆ ಕೂತು ಜಡೆಗೆ ಟೇಪು ಕಟ್ಟಿಕೊಳ್ಳುತ್ತಿದ್ದಳು. "ಅಮ್ಮಾ, ಕರೆಂಟ್ ಹೋಯ್ತಾ?" ಅಂದಳು.

"ಹ್ಞೂಂ, ಹೋಯ್ತು" ಅಂದೆ.

ಅವಳು ತಲೆಯೆತ್ತಿ ನೋಡಿದಳು. ಪಡಸಾಲೆಯ ಫ್ಯಾನು ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಅದರ ಬೋರ್ಡು ನಾನು ಮಾಡಿದ್ದು. ಸ್ವಲ್ಪ ಹೊತ್ತು ಫ್ಯಾನನ್ನೇ ನೋಡಿದಳು, ಆಮೇಲೆ ಕಣ್ಣು ಕೆಳಗಿಳಿಸಿ ಇನ್ನೊಂದು ಜಡೆಗೆ ಟೇಪು ಸುತ್ತಿಕೊಂಡಳು.

ನಮ್ಮೂರಿನಲ್ಲಿ ಅಂಗಡಿಯಿಂದ ತಂದ ಬೋರ್ಡು ನಡೆಯುವುದಿಲ್ಲ. ಮಿಕ್ಸಿ, ರೇಡಿಯೋ, ಫ್ಯಾನು ಎಲ್ಲ ಹೊರಗಿನಿಂದಲೇ ಬರುತ್ತವೆ. ಆದರೆ ಅವುಗಳ ಹೊಟ್ಟೆಯೊಳಗಿರುವ ತಾಮ್ರದ ಗೆರೆಗಳ ಹಲಗೆಯನ್ನು ಕಿತ್ತುಹಾಕಿ, ಮನೆಯವರೊಬ್ಬರು ತಮ್ಮ ಕೈಯಿಂದಲೇ ಮಾಡಿದ್ದನ್ನು ಕೂರಿಸಬೇಕು. ಹಾಗೆ ಮಾಡಿದ ಬೋರ್ಡು, ಮಾಡಿದವರು ಬದುಕಿರುವವರೆಗೆ ನಡೆಯುತ್ತದೆ, ಅವರು ಎಷ್ಟು ದೂರವಿದ್ದರೂ. ಅವರು ಹೋದ ಗಳಿಗೆಗೆ ಅದೂ ನಿಲ್ಲುತ್ತದೆ. ಆದ್ದರಿಂದ ವಯಸ್ಸಾದವರು ಕರೆಗಂಟೆ, ದೇವರ ಪಟದ ಮುಂದಿನ ಬಣ್ಣದ ದೀಪ, ಇಂಥವನ್ನಷ್ಟೇ ಮಾಡುತ್ತಾರೆ. ನಿಂತರೆ ಯಾರಿಗೂ ತೊಂದರೆಯಾಗದಂಥವು. ಆಸ್ಪತ್ರೆಯ ಯಂತ್ರಗಳಿಗೆ ಹೊಸದಾಗಿ ಮದುವೆಯಾದವರು ಬೋರ್ಡು ಮಾಡಿಕೊಡುವುದು ವಾಡಿಕೆ. ಬೀದಿದೀಪಗಳಲ್ಲಿ ಅಕ್ಕಪಕ್ಕದ ಎರಡನ್ನು ಒಂದೇ ಮನೆಯವರಿಂದ ಮಾಡಿಸುವುದಿಲ್ಲ. ಜ್ವರದಲ್ಲಿರುವವರ ಕೈಗೆ ಕುಂಚ ಕೊಡುವುದಿಲ್ಲ. ಊರು ಬಿಟ್ಟು ದುಡಿಯಲು ಹೋಗುವವರು ಹೊರಡುವ ಮುಂಚೆ ಒಂದು ಬೋರ್ಡು ಮಾಡಿಟ್ಟು ಹೋಗಬೇಕು. ಅದು ಕೂತಿರುವ ವಸ್ತುವನ್ನು ಅವರು ಮರಳಿ ಬರುವವರೆಗೆ ಮನೆಯವರು ಆರಿಸುವಂತಿಲ್ಲ.

ಕುಮುದಾಳ ಅಪ್ಪ ಹೊಳೆಯಾಚೆ, ಎತ್ತರದ ಕರೆಂಟು ಗೋಪುರಗಳಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಹೋಗಿದ್ದರು. ಮಿಕ್ಸಿಯ ಬೋರ್ಡು ಮೊದಲಿನಿಂದಲೂ ಅವರದೇ, ಹೋಗುವ ಮುಂಚೆ ಮಾಡಿಟ್ಟದ್ದು ರೇಡಿಯೋ ಬೋರ್ಡು. ಅಂದಿನಿಂದ ಅದು ಹಗಲೂ ಇರುಳೂ ಸಣ್ಣ ದನಿಯಲ್ಲಿ ಹಾಡುತ್ತಲೇ ಇತ್ತು. ಕೃಷಿ ಸಮಾಚಾರ, ಚಿತ್ರಗೀತೆ, ಪೇಟೆಧಾರಣೆ, ನಡುವೆ ಬರೀ ಗೊರಗೊರ. ನಾವು ಅದಕ್ಕೆ ಕಿವಿಗೊಡುತ್ತಿರಲಿಲ್ಲ. ಕಿವಿಗೊಡಬೇಕಾದ ಅಗತ್ಯವೇ ಇರಲಿಲ್ಲ, ಹಾಡುತ್ತಿದ್ದರೆ ಸಾಕಿತ್ತು. ಹೊಳೆಯಾಚೆಯಿಂದ ಸುದ್ದಿ ನಿಧಾನವಾಗಿ ಬರುತ್ತದೆ. ಬೋರ್ಡಿನ ಸುದ್ದಿಗೆ ದಾರಿಯೇ ಬೇಡ.

ಅರ್ಧ ರುಬ್ಬಿದ ಚಟ್ನಿಯನ್ನೇ ತಟ್ಟೆಗೆ ಹಾಕಿದೆ. ಚಟ್ನಿಯಲ್ಲಿ ಕಾಯಿ ಬಾಯಿಗೆ ಸಿಕ್ಕರೆ ತಟ್ಟೆ ಸರಿಸುವ ಹುಡುಗಿ ನನ್ನ ಮಗಳು. ಅಂದು ದೋಸೆಯನ್ನು ಪೂರ್ತಿ ತಿಂದಳು.

"ತರಿ ಇದೆಯಾ ಚಟ್ನಿ?" ಅಂತ ನಾನೇ ಕೇಳಿದೆ.

"ಚೆನ್ನಾಗಿದೆ" ಅಂದಳು.

ಬ್ಯಾಗು ಏರಿಸಿಕೊಂಡು ಹೊರಟಳು. ಆ ಬ್ಯಾಗಿನಲ್ಲಿ ಅವಳ ಗುಬ್ಬಿ ಡಬ್ಬಿ ಇರುತ್ತದೆ. ಹಳೆಯ ಸೋಪಿನ ಡಬ್ಬಿಯೊಳಗೆ ಪುಟ್ಟ ಬೋರ್ಡು ಕೂರಿಸಿ ಅವರಪ್ಪ ಮಾಡಿಕೊಟ್ಟದ್ದು. ಗುಂಡಿ ಒತ್ತಿದರೆ ಗುಬ್ಬಿಯ ಹಾಗೆ ಚಿಲಿಗುಟ್ಟುತ್ತದೆ. ಬೀದಿಯ ತಿರುವಿಗೆ ಹೋದಾಗ ಅವಳು ಅದನ್ನು ಒತ್ತುವುದು, ಇಲ್ಲಿ ಬಾಗಿಲಲ್ಲಿ ನಿಂತ ನಾನು ಕೈಯಾಡಿಸುವುದು ನಮ್ಮ ದಿನದ ಪದ್ಧತಿ. ಅಂದು ತಿರುವಿನಲ್ಲಿ ಅವಳು ನಿಂತದ್ದು ಕಂಡಿತು. ಬ್ಯಾಗಿನೊಳಗೆ ಕೈ ಹಾಕಿದ್ದೂ ಕಂಡಿತು. ದನಿ ಬರಲಿಲ್ಲ. ನಾನು ಕೈಯಾಡಿಸಿದೆ. ಅವಳೂ ಕೈಯಾಡಿಸಿ ತಿರುಗಿ ಹೋದಳು.

ಒಳಗೆ ಬಂದು ಬಾಗಿಲು ಹಾಕಿಕೊಂಡು ಮಿಕ್ಸಿಯ ತಳ ಬಿಚ್ಚಿದೆ. ವಸ್ತು ನಿಂತಾಗ ಮೊದಲು ಬೋರ್ಡನ್ನು ಬೆಳಕಿಗೆ ಹಿಡಿಯಬೇಕು. ಗೆರೆ ಎಲ್ಲಾದರೂ ಕಡಿದಿದ್ದರೆ, ಬೆಸುಗೆ ಬಿಟ್ಟಿದ್ದರೆ, ದೇವರಿಗೆ ಕೈಮುಗಿದು ಮತ್ತೆ ಕೂಡಿಸಬಹುದು. ಬಾಳಿನಲ್ಲಿ ಯಾವ ವಸ್ತುವೂ ಮುರಿದಿರಲಿ ಎಂದು ನಾನು ಬೇಡಿಕೊಂಡವಳಲ್ಲ. ಅಂದು ಕಿಟಕಿಯ ಹತ್ತಿರ ನಿಂತು, ಒಂದು ಕೂದಲೆಳೆಯಷ್ಟು ಕಡಿದಿರಲಿ ಎಂದು ಬೇಡಿಕೊಂಡೆ. ಗೆರೆಗಳೆಲ್ಲ ನೆಟ್ಟಗಿದ್ದವು. ರೇಡಿಯೋದ್ದೂ ಬಿಚ್ಚಿದೆ. ಅದೂ ಹಾಗೇ. ತೊಟ್ಟಿ ತುಂಬಿದಾಗ ಕೂಗುವ ಗಂಟೆಯೂ ಅವರದೇ ಕೈ. ಅದರ ತಂತಿಯನ್ನು ನೀರಿಗೆ ಮುಟ್ಟಿಸಿ ನೋಡಿದೆ. ಅದು ಕೂಗಲಿಲ್ಲ.

ಅವರು ಎಡಗೈಯವರು. ಅವರ ಗೆರೆ ಬಲಗಡೆ ದಪ್ಪಗೆ ಹುಟ್ಟಿ ಎಡಕ್ಕೆ ಹೋಗುತ್ತಾ ಸಣ್ಣಗಾಗುತ್ತದೆ. ತಿರುವುಗಳಲ್ಲಿ ಮೂಲೆ ಇರುವುದಿಲ್ಲ, ಎಲ್ಲ ಕಡೆ ದುಂಡಗೆ ಬಾಗಿರುತ್ತವೆ. ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿದೆ. ಇಷ್ಟು ಚೆನ್ನಾಗಿರುವ ಬೋರ್ಡು.

ನಮ್ಮೂರಿನಲ್ಲಿ ಹೀಗಾದಾಗ, ನಿಂತ ವಸ್ತುವನ್ನು ಜಗುಲಿಯ ಮೇಲಿಟ್ಟು ಬಿಳಿ ಬಟ್ಟೆ ಹೊದಿಸುತ್ತಾರೆ. ನೋಡಿದವರು ಚಪ್ಪಲಿ ಬಿಟ್ಟು ಬಂದು ಕೂರುತ್ತಾರೆ. ಹೋದರಾ, ಯಾರು, ಯಾವಾಗ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಜಗುಲಿಯೇ ಹೇಳಿಬಿಟ್ಟಿರುತ್ತದೆ. ಸಂಜೆಗೆ ಎಲ್ಲರೂ ಸೇರಿ ಆ ಬೋರ್ಡನ್ನು ಕಂದು ನೀರಿನ ತಟ್ಟೆಗೆ ಹಾಕಿ, ತಾಮ್ರವೆಲ್ಲ ಕರಗಿ ಬರಿ ಹಲಗೆ ಉಳಿಯುವವರೆಗೆ ತೂಗುತ್ತಾರೆ. ಗೆರೆ ಬಿಡಿಸುವುದು ಅನ್ನುತ್ತಾರೆ ಅದಕ್ಕೆ. ಆಚೆ ತೀರಿಕೊಂಡವರ ದೇಹ ಇಲ್ಲಿಗೆ ಬರುವುದು ಅಪರೂಪವಾದ್ದರಿಂದ ನಮಗೆ ಅದೇ ಮಣ್ಣು, ಅದೇ ಬೆಂಕಿ.

ರೇಡಿಯೋವನ್ನು ಎದೆಗವಚಿಕೊಂಡು ಹೊಸಿಲವರೆಗೆ ಹೋದೆ. ಹೆಗಲ ಮೇಲೆ ಬಿಳಿ ಪಂಚೆಯೂ ಇತ್ತು, ಅವರದೇ. ಅಲ್ಲಿ ನಿಂತು ಬೀದಿಯ ತಿರುವನ್ನು ನೋಡಿದೆ. ಶಾಲೆ ಬಿಟ್ಟು ಬರುವ ಮಗು ಆ ತಿರುವಿನಲ್ಲೇ ನಮ್ಮ ಜಗುಲಿಯನ್ನು ನೋಡುತ್ತದೆ. ಅಲ್ಲಿಂದ ಇಲ್ಲಿಯವರೆಗೆ, ಬೆನ್ನ ಮೇಲೆ ಬ್ಯಾಗು ಹೊತ್ತು, ಒಬ್ಬಳೇ ನಡೆದು ಬರಬೇಕು. ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅಷ್ಟು ಉದ್ದದ ದಾರಿಯಲ್ಲಿ ಅವಳನ್ನು ಬಿಟ್ಟು ನಾನು ಇಲ್ಲಿ ಕೂತಿರುವುದೇ? ನನ್ನಿಂದ ಆಗಲಿಲ್ಲ. ಒಳಗೆ ಬಂದೆ.

ಕೂರಿಸಿಕೊಂಡು ಹೇಳಬೇಕಿತ್ತು. ಅದು ಗೊತ್ತಿತ್ತು. ಆದರೆ ನಮ್ಮಲ್ಲಿ ಯಾರೂ ಹಾಗೆ ಹೇಳಿದವರಿಲ್ಲ. ನನ್ನ ಅಮ್ಮ ಹೋದದ್ದನ್ನು ನನಗೂ ಯಾರೂ ಹೇಳಲಿಲ್ಲ. ಅಜ್ಜಿಮನೆಯ ಜಗುಲಿಯಲ್ಲಿ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು, ನಾನು ತಿಳಿದುಕೊಂಡೆ. ಆ ಮಾತಿಗೆ ಬೇಕಾದ ಪದಗಳು ನನ್ನ ಬಾಯಲ್ಲಿ ಎಂದೂ ಹೊರಳಿದವಲ್ಲ. ಸ್ವಲ್ಪ ದಿನ ಕಳೆಯಲಿ, ಪದ ಹುಡುಕಿಕೊಂಡು ಹೇಳಿದರಾಯಿತು ಅಂದುಕೊಂಡೆ. ಅಲ್ಲಿಯವರೆಗೆ ಮನೆ ಮೌನವಾಗಿರಬಾರದು. ಅವಳು ಶಾಲೆಯಿಂದ ಬರುವಷ್ಟರಲ್ಲಿ ರೇಡಿಯೋ ಹಾಡಬೇಕು.

ಅಟ್ಟದಿಂದ ತಾಮ್ರ ಹೊದಿಸಿದ ಹಲಗೆಯ ತುಂಡೊಂದನ್ನು ಇಳಿಸಿದೆ. ಬಿಂದಿಗೆ ಬೆಳಗುವ ಹಾಗೆ ಹುಣಿಸೆಹಣ್ಣು, ಉಪ್ಪು ಹಾಕಿ ತಿಕ್ಕಿ ತೊಳೆದೆ. ಬೆರಳಿನ ಜಿಡ್ಡು ಎಲ್ಲಿ ಉಳಿಯುತ್ತದೋ ಅಲ್ಲಿ ಬಣ್ಣ ಹಿಡಿಯುವುದಿಲ್ಲ, ಅಂಚಿನಲ್ಲೇ ಹಿಡಿದುಕೊಳ್ಳಬೇಕು. ಉಗುರಿನ ಬಣ್ಣದ ಸೀಸೆ ತೆಗೆದು ಕುಂಚದ ತುದಿ ಕತ್ತರಿಸಿ ಸಣ್ಣ ಮಾಡಿಕೊಂಡೆ. ಅವರ ಬೋರ್ಡನ್ನು ಪಕ್ಕಕ್ಕಿಟ್ಟುಕೊಂಡು ಗೆರೆ ಎಳೆಯಲು ಕೂತೆ. ಈ ಊರಿನ ಮಕ್ಕಳು ಅಕ್ಷರಕ್ಕಿಂತ ಮೊದಲು ಗೆರೆ ಓದುತ್ತವೆ. ಅಜ್ಜಿಯ ಗೆರೆ ಯಾವುದು, ಚಿಕ್ಕಪ್ಪನದು ಯಾವುದು ಎಂದು ಹೇಳಿಬಿಡುತ್ತವೆ. ಕುಮುದಾ ರೇಡಿಯೋ ಬೆನ್ನು ತೆಗೆದು ನೋಡಿದರೆ ಅಲ್ಲಿ ಅವರಪ್ಪನ ಗೆರೆಯೇ ಇರಬೇಕು. ಎಡಗೈಯಲ್ಲಿ ಕುಂಚ ಹಿಡಿದು ನೋಡಿದೆ, ಗೆರೆ ಅಂಕುಡೊಂಕಾಯಿತು. ಒರೆಸಿದೆ. ಆಮೇಲೆ ಹಲಗೆಯನ್ನೇ ತಲೆಕೆಳಗೆ ತಿರುಗಿಸಿಕೊಂಡು, ನನ್ನ ಬಲಗೈಯಲ್ಲೇ ಎಳೆದೆ. ಮತ್ತೆ ನೇರ ಮಾಡಿದಾಗ ಗೆರೆಗಳೆಲ್ಲ ಬಲಗಡೆ ದಪ್ಪಗೆ ಹುಟ್ಟಿ ಎಡಕ್ಕೆ ಸಣ್ಣಗಾಗಿದ್ದವು. ತಿರುವುಗಳನ್ನು ದುಂಡಗೆ ಬಗ್ಗಿಸಿದೆ. ಹಾಗೆ ಬಗ್ಗಿಸುವಾಗ, ಇಷ್ಟು ವರ್ಷ ಜೊತೆಗಿದ್ದರೂ ಅವರ ಕೈ ಯಾಕೆ ಮೂಲೆ ಮಾಡುತ್ತಿರಲಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲವಲ್ಲ ಅನ್ನಿಸಿತು.

ಬಣ್ಣ ಒಣಗಿದ ಮೇಲೆ ಪ್ಲಾಸ್ಟಿಕ್ ತಟ್ಟೆಗೆ ಕಂದು ನೀರು ಸುರಿದೆ. ಅಂಗಡಿಯವರು ಫೆರಿಕ್ ಕ್ಲೋರೈಡ್ ಅನ್ನುತ್ತಾರೆ, ನಮಗೆ ಅದು ಕಂದು ನೀರು. ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ, ಲೋಹದ ಪಾತ್ರೆಗೆ ಹಾಕಿದರೆ ಪಾತ್ರೆ ಉಳಿಯುವುದಿಲ್ಲ. ಬಣ್ಣ ಇಲ್ಲದ ಕಡೆಯ ತಾಮ್ರವನ್ನೆಲ್ಲ ಅದು ತಿನ್ನುತ್ತದೆ. ತಿನ್ನುವಷ್ಟು ಹೊತ್ತೂ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ತೂಗುತ್ತಿರಬೇಕು. ನಿಲ್ಲಿಸಿದರೆ ಒಂದು ಕಡೆ ಹೆಚ್ಚು ಕಚ್ಚಿ ಗೆರೆ ಕಡಿಯುತ್ತದೆ. ಎಷ್ಟೋ ಮನೆಗಳಲ್ಲಿ ತಟ್ಟೆ ತೂಗುತ್ತಾ ಜೋಗುಳ ಹೇಳುತ್ತಾರೆ, ಹಿಡಿತ ತಪ್ಪದಿರಲಿ ಎಂದು. ನಾನು ಸುಮ್ಮನೆ ತೂಗಿದೆ.

ತೊಳೆದು, ಬಣ್ಣ ಒರೆಸಿ, ತೂತು ಕೊರೆದು, ಹಳೆಯ ಬೋರ್ಡಿನ ಬಿಡಿಭಾಗಗಳನ್ನು ಬಿಡಿಸಿ ಹೊಸದಕ್ಕೆ ಬೆಸೆದೆ. ರಾಳದ ಹೊಗೆ ಕಣ್ಣಿಗೆ ಹೊಡೆಯಿತು. ಹೊಸ ತಾಮ್ರ ಥಳಥಳಿಸಬಾರದು ಎಂದು ಎಣ್ಣೆದೀಪದ ಮಸಿ ಹಿಡಿಸಿ ಒರೆಸಿದೆ. ಗುಂಡಿ ತಿರುಗಿಸಿದಾಗ ರೇಡಿಯೋ ಪೇಟೆಧಾರಣೆ ಓದಿತು. ನಾನು ಬದುಕಿದ್ದೇನೆ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳುತ್ತಿರಲಿಲ್ಲ.

ಸಂಜೆ ಒಗೆದ ಬಟ್ಟೆ ಮಡಿಸುತ್ತಾ ಕಿಟಕಿಯಲ್ಲಿ ಕಾದೆ. ತಿರುವಿನಲ್ಲಿ ಕುಮುದಾ ಕಾಣಿಸಿದಳು. ತಲೆ ತಗ್ಗಿಸಿ, ಹೆಜ್ಜೆಯನ್ನು ಎಳೆದು ಹಾಕುತ್ತಾ ಬರುತ್ತಿದ್ದಳು. ನಾಲ್ಕು ಮನೆ ದಾಟಿದವಳು ಥಟ್ಟನೆ ನಿಂತಳು. ಕಿವಿಗೆ ಹಾಡು ಬಿದ್ದಿರಬೇಕು. ಓಡತೊಡಗಿದಳು. ಬ್ಯಾಗು ಬೆನ್ನಿಗೆ ಬಡಿಯುತ್ತಿತ್ತು. ಒಂದು ಜಡೆಯ ಟೇಪು ಬಿಚ್ಚಿ ಬಿದ್ದದ್ದೂ ಗೊತ್ತಾಗಲಿಲ್ಲ ಅವಳಿಗೆ. ಹೊಸಿಲು ಎಡವಿ ಒಳಗೆ ಬಂದು ರೇಡಿಯೋಗೆ ಕೆನ್ನೆ ಹಚ್ಚಿ ನಿಂತಳು. ಆ ಮುಖದಲ್ಲಿ ಇದ್ದ ಬೆಳಕನ್ನು ನೋಡಿದಾಗ ನಾನು ಏನು ಮಾಡಿಟ್ಟೆ ಎಂಬುದು ನನಗೆ ತಿಳಿಯಿತು.

"ಹಾಡ್ತಿದೆ ಅಮ್ಮಾ" ಅಂದಳು.

"ಕರೆಂಟ್ ಬಂತಲ್ಲ" ಅಂದೆ.

ಆಗಲೇ ಹೇಳಬಹುದಿತ್ತು. ಓಡಿ ಬಂದ ಏದುಸಿರು ಅವಳಲ್ಲಿ ಇನ್ನೂ ಇಳಿದಿರಲಿಲ್ಲ. ಆ ಉಸಿರು ಇಳಿಯುವವರೆಗಾದರೂ ಬಿಡೋಣ ಅನ್ನಿಸಿತು. ಅವಳು ಬ್ಯಾಗು ಎತ್ತಿಕೊಂಡು ಬಚ್ಚಲುಮನೆಗೆ ಹೋದಳು. ಬಚ್ಚಲಿಗೆ ಬ್ಯಾಗು ಯಾಕೆ ಎಂದು ನಾನು ಕೇಳಲಿಲ್ಲ. ಬಹಳ ಹೊತ್ತು ಒಳಗಿದ್ದಳು. ಮೊದಮೊದಲು ನೀರಿನ ಸದ್ದೂ ಇರಲಿಲ್ಲ. ಹೊರಗೆ ಬಂದಾಗ ಮುಖ ತೊಳೆದಿತ್ತು. ಹಣೆಯ ಕೂದಲು ಒದ್ದೆಯಾಗಿತ್ತು.

ಮರುದಿನ ಎದುರುಮನೆಯ ದೇವೀರಕ್ಕ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದರು. ಅವರಿಗೆ ಹೆಪ್ಪು ಬೇಕಿರಲಿಲ್ಲ ಎಂದು ಬಟ್ಟಲು ಹಿಡಿದ ರೀತಿಯಲ್ಲೇ ಗೊತ್ತಾಯಿತು. ವಯಸ್ಸಾದವರು, ಒಂಟಿ ಹೆಂಗಸು, ಬಾಯಿ ಜೋರು. ಈಗ ಕರೆಗಂಟೆ ಬಿಟ್ಟು ಬೇರೇನೂ ಮಾಡುವುದಿಲ್ಲ. "ಈ ಬೀದೀಲಿ ಯಾರ ಮನೆ ಬೆಲ್ಲು ಒತ್ತಿದ್ರೂ ಕೂಗೋಳು ನಾನೇ ಕಣೇ. ನಾನು ಹೋದ ದಿನ ನಿಮ್ಮ ನೆಂಟರೆಲ್ಲ ಬಾಗಿಲು ಬಡ್ಕೋಬೇಕು" ಎಂದು ನಗುತ್ತಿರುತ್ತಾರೆ.

"ಏನೇ ವಾರಿಜಾ, ನಿಮ್ಮನೆ ರೇಡಿಯೋಗೆ ಗಂಟಲು ಬಂದುಬಿಟ್ಟಿದೆ? ಇಷ್ಟು ದಿನ ಸೊಳ್ಳೆ ಥರಾ ಗುಂಯ್ ಅಂತಿತ್ತು. ಈಗ ನಮ್ಮನೇಲಿ ಕೂತೇ ಪೇಟೆಧಾರಣೆ ಕೇಳ್ತೀನಿ. ಕಿವಿ ಮಂದ ಆಯ್ತೇನೇ ನಿಂಗೆ?"

"ಕೆಲಸ ಮಾಡ್ತಾ ಕೇಳಿಸಲ್ಲ ಅಂತ ಜಾಸ್ತಿ ಇಟ್ಟೆ ಅಕ್ಕ."

"ಹ್ಞಾಂ ಹ್ಞಾಂ. ಮಿಕ್ಸಿ ಸದ್ದು ನಿಂತು, ರುಬ್ಬೋ ಕಲ್ಲಿನ ಸದ್ದು ಶುರುವಾಗಿದೆ ಅಂತ ನಾನೂ ಕೇಳಿಸ್ಕೊಂಡೆ. ಕಲ್ಲಲ್ಲಿ ರುಬ್ಬಿದ್ರೆ ರುಚಿ ಅಂತ ಈಗ ಗೊತ್ತಾಯ್ತಾ?" ಅಂದರು. ನನ್ನ ಮುಖ ನೋಡಿದರು. ನಗೆ ನಿಲ್ಲಿಸಿ, ಹೆಪ್ಪು ತೆಗೆದುಕೊಳ್ಳದೆಯೇ ಬಟ್ಟಲಿನೊಂದಿಗೆ ಹೋದರು.

ಆ ದಿನ ಮಿಕ್ಸಿಯ ಬೋರ್ಡನ್ನೂ ಮಾಡಿದೆ. ಅದನ್ನೂ ತಲೆಕೆಳಗೆ ಇಟ್ಟುಕೊಂಡೇ ಎಳೆದೆ.

ಆಮೇಲಿನ ದಿನಗಳಲ್ಲಿ ಮಗಳೂ ನಾನೂ ಬಹಳ ಒಳ್ಳೆಯವರಾಗಿದ್ದೆವು. ಅವಳು ಹೇಳಿಸಿಕೊಳ್ಳದೆ ಹಾಲು ಕುಡಿಯುತ್ತಿದ್ದಳು. ನಾನು ಅವಳ ಅಂಗಿಯ ಮೇಲೆ ಶಾಯಿ ಚೆಲ್ಲಿದ್ದಕ್ಕೂ ಬೈಯಲಿಲ್ಲ. ಅಪ್ಪನ ಮಾತು ಬಂದರೆ ಇಬ್ಬರೂ ಮೆಲ್ಲಗೆ ಸುತ್ತಿ ಬಳಸಿ ದಾಟುತ್ತಿದ್ದೆವು, ನೆಲ ಸಾರಿಸಿದ ಕಡೆ ಕಾಲಿಡದೆ ಅಂಚಿನಲ್ಲಿ ಹೋಗುವ ಹಾಗೆ. ರೇಡಿಯೋ ಹಾಡುತ್ತಿತ್ತು. ಅದು ಹಾಡುವಾಗ ಅವಳು ಒಮ್ಮೊಮ್ಮೆ ನನ್ನತ್ತ ತಿರುಗಿ, "ಈ ಹಾಡು ಚೆನ್ನಾಗಿದೆ ಅಲ್ವಾ ಅಮ್ಮ" ಎನ್ನುತ್ತಿದ್ದಳು, ದೊಡ್ಡವರು ಕಾಯಿಲೆಯವರನ್ನು ಮಾತಾಡಿಸುವ ದನಿಯಲ್ಲಿ. ಬೆಳಿಗ್ಗೆ ತಿರುವಿನಲ್ಲಿ ಈಗ ಅವಳು ನಿಲ್ಲುತ್ತಿರಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತಾಗ ಅವಳ ತೋರುಬೆರಳಿನ ತುದಿಯಲ್ಲಿ ಬೊಬ್ಬೆ ಕಂಡೆ.

"ಏನಾಯ್ತೇ ಇದು?"

"ಇಸ್ತ್ರಿ ಪೆಟ್ಟಿಗೆ ತಾಗ್ತು."

"ಇಸ್ತ್ರಿ ಯಾಕೆ ಮುಟ್ಟಿದೆ ನೀನು?"

"ನೀನು ಸೊಪ್ಪು ತರೋಕೆ ಹೋಗಿದ್ಯಲ್ಲ, ಆಗ. ಸ್ಕರ್ಟ್ ಮುದುರಿತ್ತು." ಬೆರಳನ್ನು ಲಂಗದ ಮಡಿಕೆಯಲ್ಲಿ ಅಡಗಿಸಿಕೊಂಡಳು. ಅರಿಶಿನ ಎಣ್ಣೆ ಕಲಸಿ ಹಚ್ಚಿದೆ. ಹಚ್ಚುವಾಗ ಅವಳು ಮುಖ ಸಿಂಡರಿಸಲೂ ಇಲ್ಲ.

ಮಾರನೆಯ ಮಧ್ಯಾಹ್ನ ದೇವೀರಕ್ಕ ಮತ್ತೆ ಬಂದರು. ಈ ಸಲ ಕೈಯಲ್ಲಿ ಬಟ್ಟಲು ಇರಲಿಲ್ಲ. ನಾನು ಬೋರ್ಡಿಗೆ ತಾಮ್ರದ ಹಲಗೆ ಬೆಳಗುತ್ತಿದ್ದೆ, ತೊಟ್ಟಿಯ ಗಂಟೆ ಒಂದು ಬಾಕಿ ಉಳಿದಿತ್ತು. ಅವರು ಅಡುಗೆಮನೆಯ ಬಾಗಿಲಲ್ಲೇ ಗೋಡೆಗೆ ಒರಗಿ ಕೂತು ಹಲಗೆಯನ್ನು ನೋಡಿದರು, ನನ್ನನ್ನು ನೋಡಿದರು.

"ನಿನ್ನ ಮಗಳು ಮೊನ್ನೆ ನಮ್ಮನೆಗೆ ಬಂದಿದ್ಲು. ಆ ಗುಬ್ಬಿ ಡಬ್ಬಿ ತಗೊಂಡು."

ನನ್ನ ಕೈ ನಿಂತಿತು.

"ಅಜ್ಜಿ, ನಮ್ಮನೆ ರೇಡಿಯೋ ಹಾಡ್ತಿದೆ, ಆದ್ರೆ ಇದು ಮಾತ್ರ ಕೂಗ್ತಿಲ್ಲ, ಎಲ್ಲೋ ಗೆರೆ ಕಡಿದಿರಬೇಕು, ನಂಗೆ ಸಿಗ್ತಿಲ್ಲ, ನಿಮಗೆ ಕಣ್ಣು ಕಾಣ್ಸುತ್ತಾ ನೋಡಿ ಅಂದ್ಲು. ಕನ್ನಡಕ ಹಾಕ್ಕೊಂಡು ನೋಡ್ದೆ. ವಾರಿಜಾ, ಒಂದು ಗೆರೇನೂ ಕಡಿದಿರಲಿಲ್ಲ ಕಣೇ. ನಿಮ್ಮನೆ ರೇಡಿಯೋ ಗಂಟಲು ಎಲ್ಲಿಂದ ಬಂತು ಅಂತ ಆಗ ಅರ್ಥ ಆಯ್ತು ನಂಗೆ."

"ಏನು ಹೇಳಿದ್ರಿ ಅಕ್ಕ ಅವಳಿಗೆ?"

ದೇವೀರಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಹೇಳೋಕೆ ನಾನ್ಯಾರು? ನೀನೇ ಜಗುಲಿಗೆ ಇಟ್ಟಿಲ್ಲ. ಆ ಮಗು ನನ್ನ ಮುಖಾನೇ ನೋಡ್ತಾ ನಿಂತಿತ್ತು. ನೀರು ತಗೊಂಡು ಬಾ ಮಗಾ ಅಂತ ಒಳಗೆ ಕಳಿಸ್ದೆ. ಅವಳು ಬರೋಷ್ಟರಲ್ಲಿ ಸೂಜಿ ತಗೊಂಡು ನಾನೇ ಒಂದು ಗೆರೆ ಕಡಿದೆ. ಇಗೋ ನೋಡು, ಇಲ್ಲಿ ಕಡಿದಿದೆ, ಅದಕ್ಕೇ ಕೂಗ್ತಿಲ್ಲ ಅಂತ ತೋರಿಸ್ದೆ. ಅಷ್ಟು ಸಂತೋಷ ಆಯ್ತೇ ಅವಳಿಗೆ. ನೀರಿನ ಲೋಟ ಅಲ್ಲೇ ಇಟ್ಟು ಓಡಿಹೋದ್ಲು."

ಲಂಗದ ಮಡಿಕೆಯಲ್ಲಿ ಅಡಗಿದ ಬೆರಳು ಕಣ್ಣ ಮುಂದೆ ಬಂತು. ನಾನು ಸೊಪ್ಪಿಗೆ ಹೋಗಿದ್ದಾಗ ಅವಳು ಮುಟ್ಟಿದ್ದು ಇಸ್ತ್ರಿ ಪೆಟ್ಟಿಗೆಯನ್ನಲ್ಲ, ಬೆಸುಗೆ ಕಡ್ಡಿಯನ್ನು. ಅಜ್ಜಿ ತೋರಿಸಿದ ಜಾಗಕ್ಕೆ ತಾನೇ ಬೆಸುಗೆ ಹಾಕಿ, ಗುಂಡಿ ಒತ್ತಿ, ಕಾದಿರಬೇಕು.

"ಬೈಯೇ ನನ್ನನ್ನ" ಅಂದರು ದೇವೀರಕ್ಕ.

"ನಿಮ್ಮನ್ನ ಬೈದು ನಾನೆಲ್ಲಿಗೆ ಹೋಗಲಿ ಅಕ್ಕ. ನೀವು ಒಂದು ಗೆರೆ ಕಡಿದ್ರಿ. ನಾನು ಎರಡು ಬೋರ್ಡು ಮಾಡಿದೆ."

ಅವರು ಎದ್ದು ಹತ್ತಿರ ಬಂದು, ಹುಣಿಸೆ ಮೆತ್ತಿದ ನನ್ನ ಕೈಯನ್ನು ಹಾಗೇ ಹಿಡಿದುಕೊಂಡರು. "ಮಹಲಿಂಗ ನನಗೆ ಬೆಲ್ಲಿನ ಸುರುಳಿ ಸುತ್ತಿಕೊಡ್ತಿದ್ದ" ಅಂದರು. ನನ್ನ ಗಂಡನ ಹೆಸರನ್ನು ಆ ದಿನಗಳಲ್ಲಿ ಯಾರಾದರೂ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. "ಹೇಳಿಬಿಡೇ. ಹೇಗಾದ್ರೂ ಹೇಳು. ತಪ್ಪುತಪ್ಪಾಗಿ ಹೇಳಿದ್ರೂ ಪರವಾಗಿಲ್ಲ." ಆಮೇಲೆ ಚಪ್ಪಲಿಗೆ ಕಾಲು ಹುಡುಕುತ್ತಾ ಹೋದರು.

ಇಂದು ಸಂಜೆ ಹೇಳಬೇಕು ಎಂದು ನಿಶ್ಚಯಿಸಿಕೊಂಡೆ. ಪಾತ್ರೆ ತೊಳೆಯುತ್ತಾ ಮಾತು ಜೋಡಿಸಿದೆ. ಕುಮುದಾ, ಇಲ್ಲಿ ಬಾ, ಅಪ್ಪ. ಅಲ್ಲಿಗೆ ನಿಲ್ಲುತ್ತಿತ್ತು. ಅಕ್ಕಿ ಆರಿಸುತ್ತಾ ಮತ್ತೆ ಜೋಡಿಸಿದೆ. ನಮ್ಮ ಜನಕ್ಕೆ ಬಿಳಿ ಬಟ್ಟೆ ಹೊದಿಸಲು ಬರುತ್ತದೆ, ಪಕ್ಕದಲ್ಲಿ ಬಂದು ಕೂರಲು ಬರುತ್ತದೆ. ಬಾಯಿಂದ ಹೇಳಲು ಬರುವುದಿಲ್ಲ. ಮನೆಯ ಮೂಲೆಮೂಲೆಯಲ್ಲೂ ಹೇಳುವ ವಸ್ತುಗಳನ್ನಿಟ್ಟುಕೊಂಡು ನಾವು ಮೂಕರಾಗಿದ್ದೇವೆ ಅನ್ನಿಸಿತು. ಕೈ ಸುಮ್ಮನಿರಲಾರದೆ ಗಂಟೆಯ ಬೋರ್ಡಿಗೆ ಗೆರೆ ಎಳೆದು ಮುಗಿಸಿದೆ. ಈ ಸಲ ಹಲಗೆಯನ್ನು ತಿರುಗಿಸಲಿಲ್ಲ. ನನ್ನ ಕೈ ಹೇಗೆ ಹೋಗುತ್ತದೋ ಹಾಗೆ ಎಳೆದೆ.

ಅವಳು ಶಾಲೆಯಿಂದ ಬಂದಾಗ ನಾನು ಹಿತ್ತಲ ಕಟ್ಟೆಯ ಮೇಲೆ ತಟ್ಟೆ ತೂಗುತ್ತಿದ್ದೆ. ಬಟ್ಟೆ ಬದಲಿಸಿ, ಕೈಕಾಲು ತೊಳೆದು ಬಂದು ಎದುರಿಗೆ ಕೂತಳು. ಬಿಸಿಲು ಗೋಡೆಯಿಂದ ಇಳಿಯುತ್ತಿತ್ತು. ಒಳಗೆ ರೇಡಿಯೋ ಯಾವುದೋ ಭಾಷಣ ಓದುತ್ತಿತ್ತು. ಅವಳು ಕೈ ಚಾಚಿ, ಕೇಳದೆಯೇ, ತಟ್ಟೆಯ ಆ ಕಡೆಯ ಅಂಚನ್ನು ಹಿಡಿದುಕೊಂಡಳು. ಚಿಕ್ಕವರಿಗೆ ನಾನು ಕಂದು ನೀರು ಮುಟ್ಟಲು ಬಿಡುವುದಿಲ್ಲ. ಅಂದು ಬಿಟ್ಟೆ.

"ಯಾವುದಕ್ಕೆ ಅಮ್ಮ ಇದು?"

"ತೊಟ್ಟಿ ಗಂಟೆಗೆ."

ತಟ್ಟೆ ಅವಳ ಕಡೆಗೆ ವಾಲಿತು, ನನ್ನ ಕಡೆಗೆ ವಾಲಿತು.

"ಅದೂ ನಿಂತಿತ್ತಾ?"

"ಹ್ಞೂಂ."

"ಅವತ್ತೇನಾ?"

"ಅವತ್ತೇ."

ಅವಳು ತಲೆಯಾಡಿಸಿದಳು. ನನಗೆ ಎದ್ದು ಹೋಗಬೇಕೆನ್ನಿಸಿತು. ಹಾಲು ಕಾಯಿಸುವುದಿತ್ತು, ದೀಪ ಹಚ್ಚುವುದಿತ್ತು. ಆದರೆ ತಟ್ಟೆಯನ್ನು ನಡುವೆ ಬಿಡುವಂತಿರಲಿಲ್ಲ. ಕೈ ಎರಡೂ ಅಲ್ಲೇ ಇದ್ದವು, ಮುಖ ಮುಚ್ಚಿಕೊಳ್ಳಲೂ ಆಗುವಂತಿರಲಿಲ್ಲ. ಅವಳ ಬೆರಳಿನ ಬೊಬ್ಬೆ ಒಡೆದು ಚರ್ಮ ಸುಲಿದಿತ್ತು, ಅಂಚನ್ನು ಆ ಬೆರಳು ಬಿಟ್ಟು ಮಿಕ್ಕವುಗಳಲ್ಲಿ ಹಿಡಿದಿದ್ದಳು.

"ಉರೀತಿದೆಯಾ?"

"ಇಲ್ಲ." ಸ್ವಲ್ಪ ತಡೆದು ಹೇಳಿದಳು, "ಇಸ್ತ್ರಿ ಪೆಟ್ಟಿಗೆ ಅಲ್ಲ ಅಮ್ಮ."

"ಗೊತ್ತು ಮಗಳೇ."

"ದೇವೀರಜ್ಜಿ ಗೆರೆ ಕಡಿದಿರೋ ಜಾಗ ತೋರಿಸಿದ್ರು. ನಾನು ಅಲ್ಲೇ ಹಾಕ್ದೆ. ನೀನು ಹಾಕೋ ಥರಾನೇ, ಮೊದಲು ರಾಳ, ಆಮೇಲೆ ಸೀಸ. ಮೊದಲನೇ ಸಲ ಗುಂಡಾಗಿ ನಿಂತುಬಿಡ್ತು, ತೆಗೆದು ಮತ್ತೆ ಹಾಕ್ದೆ. ಆದ್ರೂ ಕೂಗ್ಲಿಲ್ಲ." ಅವಳ ದನಿ ಸಣ್ಣದಾಯಿತು. ತಟ್ಟೆಯೊಳಗಿನ ಬೋರ್ಡನ್ನೇ ನೋಡುತ್ತಿದ್ದಳು. "ಬಿಸಿ ಜಾಸ್ತಿ ಆಗಿ ಪಕ್ಕದ ಗೆರೆ ಎದ್ದುಬಂತು ಅನ್ಸುತ್ತೆ. ಅಪ್ಪ ಮಾಡಿದ್ದನ್ನ ನಾನೇ ಕೆಡಿಸಿಬಿಟ್ಟೆ. ರೇಡಿಯೋ ಹಾಡ್ತಾನೇ ಇದೆಯಲ್ಲ. ಇದು ನನ್ನಿಂದಲೇ ಅಲ್ವಾ."

ಇಷ್ಟು ದಿನ ಅವಳು ನನ್ನ ಜೊತೆ ಅಷ್ಟು ಒಳ್ಳೆಯವಳಾಗಿದ್ದದ್ದು ಯಾಕೆ ಎಂದು ನನಗೆ ಆಗ ಗೊತ್ತಾಯಿತು. ಕೂಗದ ಡಬ್ಬಿಯನ್ನು, ಈಗ ತಾನೇ ಅದನ್ನು ಕೆಡಿಸಿದೆ ಎಂಬ ತಪ್ಪನ್ನೂ, ಒಬ್ಬಳೇ ಹೊತ್ತುಕೊಂಡು ತಿರುಗುತ್ತಿದ್ದಳು. ಯಾವ ದಾರಿಯಲ್ಲಿ ಅವಳು ಒಂಟಿಯಾಗಿ ನಡೆಯಬಾರದು ಎಂದು ನಾನು ರೇಡಿಯೋವನ್ನು ಒಳಗಿಟ್ಟುಕೊಂಡಿದ್ದೆನೋ, ಅದಕ್ಕಿಂತ ಉದ್ದದ ದಾರಿಯಲ್ಲಿ ಅವಳನ್ನು ಬಿಟ್ಟಿದ್ದೆ.

"ನಿನ್ನ ಬೆಸುಗೆ ಸರಿಯಾಗೇ ಇದೆ" ಅಂದೆ.

"ನೀನು ನೋಡೇ ಇಲ್ಲ."

"ನೋಡಬೇಕಾಗಿಲ್ಲ. ಆ ಡಬ್ಬಿ ನಿಂತದ್ದು ನಿನ್ನಿಂದ ಅಲ್ಲ. ಅದರ ಗೆರೆ ಕಡಿದಿರಲಿಲ್ಲ. ರೇಡಿಯೋದ್ದೂ ಕಡಿದಿರಲಿಲ್ಲ. ಈಗ ಹಾಡ್ತಿರೋದು ನನ್ನ ಬೋರ್ಡು ಕುಮುದಾ. ನಾನು ಮಾಡಿ ಹಾಕಿದ್ದು."

ಅವಳು ತಲೆಯೆತ್ತಲಿಲ್ಲ. ತೂಗುವುದನ್ನೂ ನಿಲ್ಲಿಸಲಿಲ್ಲ. ಕಂದು ನೀರಿನಡಿಯಲ್ಲಿ ತಾಮ್ರ ಅಂಚಿನಿಂದ ಕರಗುತ್ತಾ ಬಂದು, ಹಲಗೆಯ ಮಣ್ಣುಬಣ್ಣ ಅಲ್ಲಲ್ಲಿ ಕಾಣತೊಡಗಿತ್ತು. ನಾನು ಈ ಸಲ ಊಟದ ಮಾತು ತೆಗೆಯಲಿಲ್ಲ, ಹಾಲಿನ ಮಾತು ತೆಗೆಯಲಿಲ್ಲ. ಅವಳ ಮುಖವನ್ನೇ ನೋಡುತ್ತಾ, ನನ್ನ ಕಡೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಕಾದೆ.

ಕುಮುದಾ ಕಣ್ಣೆತ್ತಿ ನನ್ನನ್ನು ನೋಡಿದಳು. ಆಮೇಲೆ ಗಟ್ಟಿಯಾಗಿ, ಎದುರುಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು.

"ಅಪ್ಪ ಸತ್ತುಹೋದನಾ ಅಮ್ಮಾ?"